ಮೂರನೆಯ ಕಂಬಕ್ಕೆ ಎಣ್ಣೆ

ಜಗದೇವಪ್ಪನವರು ಲಂಡನ್ನಿನ ಆ ಚರ್ಚಿನಲ್ಲಿ ಕೆಲಸಕ್ಕೆ ಸೇರಿದ ದಿನ ಮೊದಲು ಮಾಡಿದ ಕೆಲಸ ಕಲ್ಲು ತಟ್ಟಿ ನೋಡಿದ್ದು. ಕಸಬರಿಗೆ ಎಲ್ಲಿದೆ, ಬಾಯ್ಲರ್ ಹೇಗೆ ಹಚ್ಚಬೇಕು, ಹೂದಾನಿಗಳ ನೀರು ಯಾವ ದಿನ ಬದಲಿಸಬೇಕು ಎಂದು ಮಿಸೆಸ್ ಟ್ಯಾಪ್ಲಿ ವಿವರಿಸುತ್ತ ಮುಂದೆ ನಡೆದರೆ, ಇವರು ಬೆರಳ ಗೆಣ್ಣಿನಿಂದ ಕಂಬಗಳನ್ನು ಒಂದೊಂದಾಗಿ ತಟ್ಟುತ್ತ ಹಿಂದೆ ನಡೆದರು. ಮೊದಲನೆಯದು ಗಟ್ಟಿ. ಎರಡನೆಯದೂ ಗಟ್ಟಿ. ಮೂರನೆಯದನ್ನು ತಟ್ಟಿದಾಗ ಅವರ ಕೋಟಿನ ತೋಳಿನ ಮೇಲೆ ಬೂದು ಹಸಿರು ಪುಡಿ ಬಿತ್ತು.

"ಅದು ಹಾಗೇ," ಎಂದರು ಮಿಸೆಸ್ ಟ್ಯಾಪ್ಲಿ. "ನನ್ನ ತಾಯಿಯ ಮದುವೆಯ ದಿನವೂ ಉದುರಿತ್ತು. ಫೋಟೋದಲ್ಲಿ ಅವಳ ಟೋಪಿಯ ಮೇಲೆ ಕಾಣುತ್ತದೆ."

ಇದು 1993ರ ಮಾರ್ಚ್ ತಿಂಗಳು. ಮಿಸೆಸ್ ಟ್ಯಾಪ್ಲಿ ಅಲ್ಲಿಯ ಚರ್ಚ್‌ವಾರ್ಡನ್; ಪಾದ್ರಿ ಪ್ರಾರ್ಥನೆ ನೋಡಿಕೊಂಡರೆ ಕಟ್ಟಡದ ಹೊಣೆ ಅವರದು. ಜಗದೇವಪ್ಪ ಅವರ ಕೈಕೆಳಗಿನ ಕೇರ್‌ಟೇಕರ್.

ಆಗ ಜಗದೇವಪ್ಪನವರಿಗೆ ನಲವತ್ತೈದು ವರ್ಷ. ಊರು ಕಲಬುರಗಿ ಜಿಲ್ಲೆಯ ಶಹಾಬಾದ್. ನಮ್ಮ ಕಡೆ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಫರಸಿ ಆ ಊರಿನ ಕಲ್ಲು. ಅವರು ಹದಿನಾರನೆಯ ವಯಸ್ಸಿಗೆ ಒಂದು ಪಾಲಿಶ್ ಶೆಡ್ಡು ಸೇರಿ, ಹದಿನೇಳು ವರ್ಷ ಫರಸಿ ಉಜ್ಜಿದರು. ಹೆಂಡತಿ ವಿಶಾಲಾಕ್ಷಿ ನರ್ಸ್. ಆಕೆ 1979ರಲ್ಲಿ ಲಂಡನ್ನಿಗೆ ಬಂದು, ಎರಡು ವರ್ಷದ ನಂತರ ಗಂಡನನ್ನು ಕರೆಸಿಕೊಂಡರು. ವೀಸಾದ ಕಾಗದದಲ್ಲಿ ಗಂಡನ ಹೆಸರಿನ ಮುಂದೆ 'ಡಿಪೆಂಡೆಂಟ್' ಎಂದಿತ್ತು. ಅವರು ಹತ್ತು ವರ್ಷ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬಿ ತುಂಬಿದರು. ಕಾರ್ಖಾನೆ ಮುಚ್ಚಿತು. ಒಂದೂವರೆ ವರ್ಷ ಮನೆಯಲ್ಲಿ ಕೂತರು. ಆಮೇಲೆ ಈ ಕೆಲಸ ಸಿಕ್ಕಿತು.

ಕ್ವೀನ್ಸ್‌ಬರಿಯ ಕಿರಾಣಿ ಅಂಗಡಿಯಲ್ಲಿ ನಮ್ಮವರು ಕಾಡಿಸುತ್ತಿದ್ದರು. "ಏನ್ರಿ ಜಗದೇವಪ್ಪ, ಪಾದ್ರಿ ಆದ್ರಂತ?"

"ಇಲ್ರಿ. ಪಾದ್ರಿಗಿ ವಾರಕ್ಕ ಒಂದ್ ದಿನ ಕೆಲಸ. ನಂದು ಆರು ದಿನ."

ಸೇಂಟ್ ಎಲ್ಫ್ರಿಕ್ ಎಂಬ ಆ ಚರ್ಚು ಎಜ್‌ವೇರಿನಿಂದ ಕ್ವೀನ್ಸ್‌ಬರಿಗೆ ಬರುವ ದಾರಿಯಲ್ಲಿ, ಒಂದೇ ಅಚ್ಚಿನ ಜೋಡಿಮನೆಗಳ ನಡುವೆ ಕೂತಿದೆ. ಸುತ್ತ ಊರು ಹುಟ್ಟಿದ್ದು ಟ್ಯೂಬ್ ರೈಲು ಬಂದ ಮೇಲೆ, 1930ರ ಆಸುಪಾಸಿನಲ್ಲಿ. ಚರ್ಚು ಕಟ್ಟಿದ್ದು ಅದಕ್ಕಿಂತ ಏಳುನೂರು ವರ್ಷ ಮೊದಲು. ಗೋಡೆಗಳು ಚಕಮಕಿ ಕಲ್ಲಿನವು: ಮುಷ್ಟಿ ಗಾತ್ರದ ಕಲ್ಲುಗಳನ್ನು ಸುಣ್ಣದ ಗಾರೆಯಲ್ಲಿ ಕೂಡಿಸಿ ಎಬ್ಬಿಸಿದ ಎಂಬತ್ತು ಸೆಂಟಿಮೀಟರ್ ದಪ್ಪದ ಗೋಡೆ. ಉತ್ತರದ ಕಡೆ ಈಟಿಯ ತುದಿಯಂಥ ಮೂರು ಕಿರಿದಾದ ಕಿಟಕಿಗಳಿವೆ. ಅವು 1240ರ ಹೊತ್ತಿನವು. 1320ರ ದಶಕದಲ್ಲಿ ಜನ ಹೆಚ್ಚಿ ಜಾಗ ಸಾಲದಾಯಿತು. ಆಗ ದಕ್ಷಿಣದ ಗೋಡೆಯನ್ನು ಒಡೆದು, ಮೂರು ಕಂಬಗಳ ಮೇಲೆ ನಾಲ್ಕು ಚೂಪು ಕಮಾನುಗಳನ್ನು ನಿಲ್ಲಿಸಿ, ಆಚೆಗೆ ಒಂದು ಪಡಸಾಲೆ ಸೇರಿಸಿದರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಪ್ಲೇಗು ಬಂತು. ಯಾರಿಗಾಗಿ ಪಡಸಾಲೆ ಕಟ್ಟಿದ್ದರೋ ಅವರಲ್ಲಿ ಅರ್ಧಕ್ಕರ್ಧ ಜನ ಉಳಿಯಲಿಲ್ಲ. ಆಮೇಲೆ ಆ ಪಡಸಾಲೆ ತುಂಬಿದ್ದು ಅಪರೂಪ.

ಚೂಪು ಕಮಾನಿನ ಗುಟ್ಟು ಜಗದೇವಪ್ಪನವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. "ಗುಂಡ ಕಮಾನು ಭಾರಾನ ಮಗ್ಗಲಿಗಿ ನೂಕ್ತದ. ಚೂಪ ಕಮಾನು ಕೆಳಗ ಇಳಸ್ತದ. ಹಂಗಾಗಿ ಕಂಬ ಸಣ್ಣದಿದ್ರೂ ನಡೀತದ," ಎನ್ನುತ್ತಿದ್ದರು. "ನಮ್ಮ ಕಲಬುರಗಿ ಕ್ವಾಟಿ ಮಸೀದ್ಯಾಗ ಇಂಥಾವ ಸಾಲಿಗಟ್ಟಲೆ ಅದಾವ." ನಾನು ಹುಡುಕಿ ನೋಡಿದೆ. ಕಲಬುರಗಿ ಕೋಟೆಯ ಮಸೀದಿ 1367ರದು. ಈ ಕಮಾನುಗಳಿಗೂ ಅದಕ್ಕೂ ನಡುವೆ ಐವತ್ತು ವರ್ಷವೂ ಇಲ್ಲ.

ಕಮಾನುಗಳು ಕೂಡುವಲ್ಲಿ, ಪ್ರತಿ ಕಂಬದ ನೆತ್ತಿಯ ಮೇಲೆ, ಒಂದೊಂದು ಮುಖ ಕೆತ್ತಿದ್ದರು. ಮೊದಲನೆಯದು ರಾಜ, ಎರಡನೆಯದು ಬಿಷಪ್. ಮೂರನೆಯದು ಒಬ್ಬ ಹೆಂಗಸು. ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ, ಬಲಗೆನ್ನೆ ಊದಿಕೊಂಡಿದೆ, ಒಂದು ಕಣ್ಣು ಅರ್ಧ ಮುಚ್ಚಿದೆ. ಹಲ್ಲುನೋವು. ರಾಜನನ್ನೂ ಬಿಷಪ್ಪನನ್ನೂ ಯಾವ ಚರ್ಚಿನಲ್ಲಾದರೂ ನೋಡಬಹುದು. ಇವಳನ್ನು ಮಾತ್ರ ಆ ಕಲ್ಲುಕುಟಿಗ ಎದುರಿಗೆ ಕೂರಿಸಿಕೊಂಡು ಕೆತ್ತಿದಂತಿತ್ತು. 1540ರ ದಶಕದಲ್ಲಿ ಇಂಗ್ಲೆಂಡು ಪ್ರೊಟೆಸ್ಟಂಟ್ ಆಗಿ ವಿಗ್ರಹಪೂಜೆ ನಿಷೇಧವಾದಾಗ ಗೋಡೆಯ ಚಿತ್ರಗಳ ಮೇಲೆ ಸುಣ್ಣ ಬಳಿದರು, ಸಂತರ ವಿಗ್ರಹಗಳ ತಲೆ ಹಾರಿಸಿದರು. ಹಲ್ಲುನೋವಿನವಳನ್ನು ಯಾರೂ ಪೂಜಿಸುತ್ತಿರಲಿಲ್ಲವಾದ್ದರಿಂದ ಬಿಟ್ಟರು. ಜಗದೇವಪ್ಪ ಅವಳಿಗೆ 'ಹಲ್ಲುಬ್ಯಾನಿ ಅವ್ವ' ಎಂದು ಹೆಸರಿಟ್ಟಿದ್ದರು.

ತೊಂದರೆ ಕಲ್ಲಿನದು. ಕಂಬಗಳಿಗೂ ಮುಖಗಳಿಗೂ ಬಳಸಿದ್ದು ಲಂಡನ್ನಿನ ದಕ್ಷಿಣಕ್ಕಿರುವ ರೈಗೇಟ್ ಎಂಬಲ್ಲಿಯ ಕಲ್ಲು. ಮೆದು, ಹೊಸದಾಗಿ ಅಗೆದಾಗ ಚಾಕುವಿನಿಂದಲೂ ಕೊರೆಯಬಹುದು. ಅದಕ್ಕೇ ಅಷ್ಟು ನವಿರಾದ ಕೆತ್ತನೆ ಸಾಧ್ಯವಾಯಿತು. ಅದರ ಗಾತ್ರದ ಕಾಲು ಭಾಗಕ್ಕೂ ಹೆಚ್ಚು ಬರೀ ಸೂಕ್ಷ್ಮ ರಂಧ್ರ. ನೀರು ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಬರುವಾಗ ಉಪ್ಪನ್ನು ಮೇಲಕ್ಕೆ ತರುತ್ತದೆ, ಆ ಉಪ್ಪು ಹರಳುಗಟ್ಟಿ ಕಲ್ಲನ್ನು ಕಣಕಣವಾಗಿ ಬಿಡಿಸುತ್ತದೆ. ಮೂರನೆಯ ಕಂಬದ ಮೇಲೆ ಮಾಡಿನ ನೀರು ಸೋರುತ್ತಿದ್ದುದರಿಂದ ಅಲ್ಲಿ ಪುಡಿ ಹೆಚ್ಚು.

ಜಗದೇವಪ್ಪ ಆ ಪುಡಿಯನ್ನು ಕಸಕ್ಕೆ ಹಾಕಲಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟರು. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಒಂದು ಬಾಟಲಿ. ಮೂರು ಚಳಿಗಾಲಕ್ಕೆ ಮೂರು ಬಾಟಲಿ. ಅವನ್ನು ಮಿಸೆಸ್ ಟ್ಯಾಪ್ಲಿಗೆ ತೋರಿಸಿದಾಗ ಅವರು, ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿ ಬಂದು ನೋಡುತ್ತಾನೆ, ಮುಂದಿನ ಸರದಿ 1998ಕ್ಕೆ ಎಂದರು.

ನನಗೆ ಅವರ ಪರಿಚಯವಾದದ್ದು ಈ ಬಾಟಲಿಗಳಿಂದ. ನಾನು ಕ್ವೀನ್ಸ್‌ಬರಿಯ ಒಂದು ಶಾಲೆಯಲ್ಲಿ ರಸಾಯನಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. 1996ರಲ್ಲಿ ವೆಂಬ್ಲಿಯಲ್ಲಿ ಯುಗಾದಿ ಸಮಾರಂಭದ ಊಟದ ಸಾಲಿನಲ್ಲಿ ನನ್ನ ಕೆಲಸ ಕೇಳಿ, ಮುಂದಿನ ಶನಿವಾರವೇ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಬಂದರು. ತೂಗಿ ಕೊಟ್ಟೆ: ವರ್ಷಕ್ಕೆ ಸರಾಸರಿ ನಾನೂರ ಹತ್ತು ಗ್ರಾಂ. ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರು. ಅದಕ್ಕೆ ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಅವತ್ತು ಕೇಳಬೇಕಿತ್ತು.

ಶಹಾಬಾದಿನಲ್ಲಿ ಹಬ್ಬದ ಮುಂಚೆ ಫರಸಿಗೆ ಕುಸುಬೆ ಎಣ್ಣೆಯ ಬಟ್ಟೆ ಸವರುತ್ತಾರೆ. ಬೂದು ಕಲ್ಲು ಕಪ್ಪಗೆ ಮಿಂಚುತ್ತದೆ. ಗುಡಿಯ ಬಸವಣ್ಣನಿಗೆ ಶ್ರಾವಣ ಸೋಮವಾರ ಎಣ್ಣೆ ಹಚ್ಚುತ್ತಾರೆ. ಜಗದೇವಪ್ಪನವರ ಅಜ್ಜನ ಕಾಲದ ಬಸವಣ್ಣನ ಗಂಗೆದೊಗಲಿನ ಒಂದು ಗೆರೆಯೂ ಮಾಸಿಲ್ಲ. ಎಜ್‌ವೇರಿನ ಆರೋಗ್ಯ ಆಹಾರದ ಅಂಗಡಿಯೊಂದರಲ್ಲಿ 'ಸ್ಯಾಫ್ಲವರ್ ಆಯಿಲ್' ಎಂಬ ಸೀಸೆ ನೋಡಿ, ಮೇಲಿನ ಹೂವಿನ ಚಿತ್ರದಿಂದ ಅದು ಕುಸುಬೆ ಎಂದು ಗುರುತಿಸಿ, ಅಲ್ಲೇ ನಕ್ಕುಬಿಟ್ಟರಂತೆ. 1996ರ ನವೆಂಬರಿನ ಒಂದು ಸೋಮವಾರ ಮಧ್ಯಾಹ್ನ, ಚರ್ಚಿನಲ್ಲಿ ಯಾರೂ ಇಲ್ಲದಾಗ, ಎಣ್ಣೆಯನ್ನು ಬಾಯ್ಲರಿನ ಮೇಲಿಟ್ಟು ಬೆಚ್ಚಗೆ ಮಾಡಿ, ಏಣಿ ಹಾಕಿ, ಮಲ್ಲಿನ ಬಟ್ಟೆಯಿಂದ ಅವಳ ಮುಖಕ್ಕೆ ಹಚ್ಚಿದರು. ಕಲ್ಲು ಹೀರಿತು. ಮತ್ತೆ ಹಚ್ಚಿದರು, ಮತ್ತೆ ಹೀರಿತು. ನಾಲ್ಕನೆಯ ಸಲಕ್ಕೆ ನಿಂತಿತು.

ಅಲ್ಲಿಂದ ಪ್ರತಿ ಸೋಮವಾರ. ಫೆಬ್ರವರಿಯ ಹೊತ್ತಿಗೆ ಪುಡಿ ಪೂರ್ತಿ ನಿಂತುಹೋಯಿತು.

ಮನೆಯಲ್ಲಿ ವಿಶಾಲಾಕ್ಷಿಯವರಿಗೆ ಗೊತ್ತಿತ್ತು. "ನಿಂತ ನಿಂತ ನನ್ನ ಮೊಣಕಾಲ ಹೋಗ್ಯಾವ. ಎಣ್ಣಿ ಹಚ್ರಿ ಅಂದ್ರ ಟೈಮ್ ಇಲ್ಲ. ಆ ಗೊಂಬಿಗಿ ಹಚ್ಚಲಾಕ ಟೈಮ್ ಅದ!"

"ನೀ ಬ್ಯಾನಿ ಅಂತ ಬಾಯ್ಬಿಟ್ಟ ಹೇಳ್ತಿ. ಆಕಿ ಹೇಳ್ತಾಳೇನು?"

"ಹೇಳಿದ್ರ ನಿಮಗ ಕೇಳಿಸ್ತದ ಬಿಡ್ರಿ. ನಂದ ಕೇಳ್ಸಲ್ಲ."

ಏಳು ವರ್ಷ ಅವಳು ಚೆನ್ನಾಗಿದ್ದಳು. ಕಲ್ಲಿಗೆ ಜೇನಿನ ಬಣ್ಣ ಬಂತು. ಪುಡಿಯಲ್ಲಿ ಮುಚ್ಚಿಹೋಗಿದ್ದ ಉಳಿಯ ಗೆರೆಗಳು ಕಂಡವು. ಬಟ್ಟೆಯ ಗಂಟಿನ ಮಡಿಕೆ, ಹುಬ್ಬಿನ ನಡುವಿನ ಸುಕ್ಕು. 1998ರಲ್ಲಿ ವಾಸ್ತುಶಿಲ್ಪಿ ಬಂದು ಕೆಳಗಿನಿಂದಲೇ ನೋಡಿ 'ಸ್ಥಿರ' ಎಂದು ಬರೆದ. "ಅವಳಿಗೆ ಏನು ಮಾಡಿದಿರಿ, ಮಿಸ್ಟರ್ ಜಗ್?" ಎಂದು ಮಿಸೆಸ್ ಟ್ಯಾಪ್ಲಿ ಕೇಳಿದರು. "ನೋಡಿಕೊಳ್ಳುತ್ತಿದ್ದೇನೆ, ಮೇಡಮ್," ಎಂದರು ಇವರು. ಚರ್ಚಿನ ಹೊಸ ಕರಪತ್ರದ ಮೇಲೆ ಅವಳ ಮುಖವೇ ಬಂತು. ನಮ್ಮವರ ಸಮಾರಂಭಗಳಲ್ಲಿ ಯಾರಾದರೂ ಏನು ಕೆಲಸ ಎಂದರೆ, ಜಗದೇವಪ್ಪ ಕೇರ್‌ಟೇಕರ್ ಎನ್ನುವುದನ್ನು ಬಿಟ್ಟು, "ಕಲ್ಲಿಂದು" ಎನ್ನತೊಡಗಿದರು. ಆ ವರ್ಷಗಳಲ್ಲಿ ಅವರು ನಡೆಯುವ ರೀತಿಯೇ ಬೇರೆಯಾಗಿತ್ತು.

2003ರ ಅಕ್ಟೋಬರಿನಲ್ಲಿ ಊದಿದ ಕೆನ್ನೆಯ ಕೆಳಗೆ ಒಂದು ಗುಳ್ಳೆ ಎದ್ದಿತು. ತಟ್ಟಿದರೆ ಟೊಳ್ಳು ಸದ್ದು. ಶಹಾಬಾದಿನಲ್ಲಿ ಅಂಥ ಸದ್ದು ಬಂದ ಕಲ್ಲನ್ನು ಪಕ್ಕಕ್ಕೆ ಎತ್ತಿಡುತ್ತಾರೆ. ಇಲ್ಲಿ ಎತ್ತಿಡುವುದಕ್ಕೆ ಬರುವುದಿಲ್ಲ. ಎಣ್ಣೆ ಸಾಲುತ್ತಿಲ್ಲ ಎಂದುಕೊಂಡು ಆ ಚಳಿಗಾಲವೆಲ್ಲ ಸೋಮವಾರದ ಜೊತೆ ಗುರುವಾರವೂ ಹಚ್ಚಿದರು.

ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ನನ್ನ ಮನೆಗೆ ಐಸ್‌ಕ್ರೀಮ್ ಡಬ್ಬಿಯಲ್ಲಿ ಹತ್ತಿ ಹಾಸಿ, ಉದುರಿದ ಒಂದು ಚಕ್ಕೆ ತಂದರು. ಅಂಗೈಯ ಅರ್ಧದಷ್ಟು, ಒಂಬತ್ತು ಮಿಲಿಮೀಟರ್ ದಪ್ಪ. ಹೊರಮೈಯಲ್ಲಿ ಕಿವಿಯ ಪಕ್ಕದ ಬಟ್ಟೆಯ ಮಡಿಕೆ ಇತ್ತು. ಒಳಮೈಯಲ್ಲಿ ಬಿಳಿಯ ಉಪ್ಪು, ಸೂಜಿಯಂಥ ಹರಳುಗಳು.

"ಏನಾಗ್ಯದ ನೋಡ್ರಿ ಸರ. ಎಣ್ಣಿ ಬ್ಯಾರೆ ಹಚ್ಚಬೇಕಾ?"

"ಯಾವ ಎಣ್ಣೆ?" ಎಂದೆ.

ಅವರು ಎಲ್ಲ ಹೇಳಿದರು. ಬಟ್ಟೆ, ಏಣಿ, ಸೋಮವಾರ, ಎಲ್ಲ. ಹೇಳುವಾಗ ಮುಖದಲ್ಲಿ ಅಳುಕು ಇರಲಿಲ್ಲ. ಔಷಧಿಯ ಪ್ರಮಾಣ ಹೇಳುವವರಂತೆ ಹೇಳಿದರು.

ಚಕ್ಕೆಯ ಹೊರಮೈ ಮೇಲೆ ಒಂದು ಹನಿ ನೀರು ಬಿಟ್ಟೆ. ಮುತ್ತಿನಂತೆ ನಿಂತಿತು. ತಿರುಗಿಸಿ ಒಳಮೈ ಮೇಲೆ ಒಂದು ಹನಿ ಬಿಟ್ಟೆ. ಎರಡು ಸೆಕೆಂಡಿನಲ್ಲಿ ಮಾಯವಾಯಿತು. ಇಪ್ಪತ್ತು ನಿಮಿಷ ಕಾದು, ಮತ್ತೆ ತಿರುಗಿಸಿ ಹೊರಮೈ ಮೇಲೆ ಇನ್ನೊಂದು ಹನಿ ಬಿಟ್ಟೆ. ಅದೂ ನಿಂತಿತು; ಹಿಂದೆ ಹೀರಿದ ನೀರು ಹೊರಮೈಗೆ ಬಂದಿರಲಿಲ್ಲ. ಚಹಾ ಆರಿತ್ತು. ಅವರು ಹನಿಯನ್ನೇ ನೋಡುತ್ತಿದ್ದರು. ನಾನು ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಗಿತ್ತೆಂದು ಈಗ ಅನ್ನಿಸುತ್ತದೆ.

"ಜಗದೇವಪ್ಪನವರೇ, ಶಹಾಬಾದ್ ಕಲ್ಲಿನಲ್ಲಿ ರಂಧ್ರ ಇಲ್ಲವೇ ಇಲ್ಲ ಅನ್ನಬಹುದು. ಎಣ್ಣೆ ಮೇಲೇ ಉಳಿಯುತ್ತದೆ, ಏನೂ ಕೆಡುವುದಿಲ್ಲ. ಈ ಕಲ್ಲು ಒಳಕ್ಕೆ ಎಳೆದುಕೊಂಡಿದೆ. ಕುಸುಬೆ ಎಣ್ಣೆ ಗಾಳಿ ತಾಗಿದರೆ ಒಣಗಿ ತೊಗಲಿನಂತೆ ಆಗುತ್ತದೆ. ಗೋಡೆಯ ತೇವ ಹೊರಗೆ ಬರಲು ದಾರಿಯಿಲ್ಲ. ತೊಗಲಿನ ಹಿಂದೆ ಉಪ್ಪು ಕೂಡಿಕೊಂಡು ಅದನ್ನೇ ನೂಕುತ್ತಿದೆ."

"ಶೇಂಗಾ ಎಣ್ಣಿ ಹಚ್ಚಿದ್ರ?"

"ಅದು ಒಣಗುವುದಿಲ್ಲ. ಇಷ್ಟು ಕೇಡಾಗುತ್ತಿರಲಿಲ್ಲ."

ಅವರು ಚಕ್ಕೆಯನ್ನು ಕೈಗೆತ್ತಿಕೊಂಡರು. "ಎಣ್ಣೀನೇ ಹಚ್ಚಿರದಿದ್ರ, ಎಷ್ಟ ವರ್ಷ ಇರ್ತಿದ್ಲು?"

ಪುಡಿಯ ತೂಕ ಗೊತ್ತಿತ್ತು. ಅದು ಉದುರುತ್ತಿದ್ದ ಜಾಗದ ಅಳತೆಯನ್ನು ಅವರೇ ಕೊಟ್ಟಿದ್ದರು. ಕಾಗದದ ಮೇಲೆ ಭಾಗಿಸಿದೆ: ವರ್ಷಕ್ಕೆ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. ಮುಖದ ಉಬ್ಬುತಗ್ಗು ಎರಡೂವರೆ ಸೆಂಟಿಮೀಟರ್.

"ಅರವತ್ತು ವರ್ಷ," ಎಂದೆ.

"ಈಗ?"

"ಗೊತ್ತಿಲ್ಲ."

"ಗೊತ್ತಿಲ್ಲ ಅನಬ್ಯಾಡ್ರಿ ಸರ. ನೀವು ಲೆಕ್ಕ ಮಾಡಾವ್ರು."

"ಒಂದು ಚಳಿಗಾಲ. ಹೆಚ್ಚೆಂದರೆ ಎರಡು."

ಅವರು ಚಕ್ಕೆಯನ್ನು ಹತ್ತಿಯ ಮೇಲಿಟ್ಟು, ಡಬ್ಬಿಯ ಮುಚ್ಚಳ ಹಾಕಿ, ಎರಡು ಸಲ ಒತ್ತಿ ನೋಡಿ, ಎದ್ದರು.

ಮಗಳು ವೇದಾಗೆ ಆಗ ಹದಿನಾರು. ಮನೆಯಲ್ಲಿ ಕನ್ನಡ ಕೇಳುತ್ತಾಳೆ, ಉತ್ತರ ಇಂಗ್ಲಿಷಿನಲ್ಲಿ. ಅವತ್ತು ಅಪ್ಪ ಚರ್ಚಿಗೆ ಹೋಗಿ ಹೇಳುತ್ತೇನೆಂದಾಗ, "ಡ್ಯಾಡ್, ಜಸ್ಟ್ ಡೋಂಟ್. ನೋಬಡಿ ನೋಸ್," ಎಂದಳು.

"ಹೇಳಿದ್ರ ಔಷಧ ಮಾಡ್ತಾರ. ಹೇಳದಿದ್ರ ಏನ್ ಹಚ್ಚ್ಯಾರ ಅಂತ ಹುಡುಕೂದ್ರಾಗ ವರ್ಷ ಹೋಗ್ತದ."

"ಕೆಲಸ ಹೋದ್ರ?" ಎಂದರು ವಿಶಾಲಾಕ್ಷಿ. ಅವರು ಕೋಟು ಹಾಕಿಕೊಂಡು ಹೊರಟರು.

ಮಿಸೆಸ್ ಟ್ಯಾಪ್ಲಿ ಬೈಯಲಿಲ್ಲ. ಮುಂದಿನ ಸಾಲಿನ ಬೆಂಚಿನ ಮೇಲೆ ಕೂತು ಎಲ್ಲ ಕೇಳಿ, "ನಮಗೆಲ್ಲ ಅವಳು ಹಾಗೆ ಕಾಣುವುದೇ ಇಷ್ಟವಾಗಿತ್ತಲ್ಲ," ಎಂದಷ್ಟೇ ಹೇಳಿದರು. ಮೇ ತಿಂಗಳಲ್ಲಿ ಕಲ್ಲಿನ ಸಂರಕ್ಷಣೆ ಮಾಡುವ ಓವೆನ್ ಎಂಬಾತನನ್ನು ಕರೆಸಿದರು. ಆತ ವೇಲ್ಸಿನವನು, ಮಾತು ಕಡಿಮೆ. ಎರಡು ದಿನ ಏಣಿಯ ಮೇಲೆ ಕೂತು, ಸೂಜಿ ಗಾತ್ರದ ರಂಧ್ರ ಕೊರೆದು ಅಳೆದ. ಎಣ್ಣೆ ಹನ್ನೆರಡು ಮಿಲಿಮೀಟರ್ ಒಳಗಿಳಿದಿತ್ತು. ಕೆಳಗಿಳಿದು ಜಗದೇವಪ್ಪನವರ ಮುಂದೆಯೇ ಹೇಳಿದ.

"ತೊಗಲು ತೆಗೆದರೆ ಮುಖ ಅದರ ಜೊತೆಗೇ ಬರುತ್ತದೆ. ಬಿಟ್ಟರೆ ಉಪ್ಪು ಅದನ್ನು ನೂಕಿ ಕೆಡವುತ್ತದೆ. ಅಚ್ಚು ತೆಗೆಯೋಣವೆಂದರೆ, ಅಚ್ಚಿನ ರಬ್ಬರಿಗೇ ಅಂಟಿಕೊಂಡು ಬಂದೀತು."

"ಏನೂ ಮಾಡಲಾಗದೇ?" ಎಂದರು ಜಗದೇವಪ್ಪ.

"ಹಿಂದಿನಿಂದ ಸೂಜಿಯಲ್ಲಿ ಸುಣ್ಣದ ನೀರು ಕೊಟ್ಟು ಹಿಡಿಸಬಹುದು. ಹತ್ತಕ್ಕೆ ಒಂದು ಸಲ ನಿಲ್ಲುತ್ತದೆ. ಅದಕ್ಕೆ ಬಿಷಪ್ಪರ ಕಚೇರಿಯ ಅನುಮತಿ ಬೇಕು. ಬರಲು ಒಂದು ವರ್ಷ. ಅಲ್ಲಿಯವರೆಗೆ ಈ ಚರ್ಚನ್ನು ಬಿಸಿ ಮಾಡಬೇಡಿ. ಬಿಸಿಗಾಳಿಗೆ ಗೋಡೆ ಬೇಗ ಒಣಗಿದರೆ ಉಪ್ಪು ಒಮ್ಮೆಗೇ ಹರಳಾಗುತ್ತದೆ."

ಹತ್ತಕ್ಕೆ ಒಂದು. ಜಗದೇವಪ್ಪ ಅದನ್ನು ಹಿಡಿದುಕೊಂಡರು. ಆ ಅಕ್ಟೋಬರಿನಲ್ಲಿ ಬಾಯ್ಲರ್ ಹಚ್ಚಲಿಲ್ಲ. ನವೆಂಬರಿನಲ್ಲೂ ಇಲ್ಲ. ಭಾನುವಾರಕ್ಕೆ ಬರುತ್ತಿದ್ದವರು ಹನ್ನೊಂದು ಜನ, ಎಲ್ಲರೂ ಎಪ್ಪತ್ತು ದಾಟಿದವರು. ಅವರಿಗೆಂದು ಇವರು ಮನೆಯಿಂದ ಕಂಬಳಿ ತಂದರು, ಬಿಸಿನೀರಿನ ಚೀಲಗಳನ್ನು ತುಂಬಿ ಬೆಂಚುಗಳ ಮೇಲಿಟ್ಟರು. ಒಂದು ಭಾನುವಾರ ಒಬ್ಬ ಮುದುಕ, "ಮಿಸ್ಟರ್ ಜಗ್, ಆ ಹೆಂಗಸಿಗಿಂತ ಮೊದಲು ನಾವು ಉದುರುತ್ತೇವೆ," ಎಂದ. ಎಲ್ಲರೂ ನಕ್ಕರು. ಮುಂದಿನ ವಾರದಿಂದ ಆತ ಬರಲಿಲ್ಲ. ಎದೆಯಲ್ಲಿ ಕಫ ಕಟ್ಟಿ, ಡಾಕ್ಟರು ಹೊರಗೆ ಹೋಗಬಾರದೆಂದಿದ್ದರು. ಡಿಸೆಂಬರಿನ ಹೊತ್ತಿಗೆ ಎಂಟು ಜನ ಉಳಿದರು.

ಕ್ರಿಸ್‌ಮಸ್‌ನ ಹಾಡುಗಳ ಪ್ರಾರ್ಥನೆಗೆ ಮಾತ್ರ ಆ ಚರ್ಚು ತುಂಬುತ್ತದೆ. ನೂರೈವತ್ತು ಜನ, ಅದರಲ್ಲಿ ಕೈಗೂಸುಗಳೂ ಇರುತ್ತವೆ. ಹಿಂದಿನ ದಿನ ಬೆಳಿಗ್ಗೆ ಮಿಸೆಸ್ ಟ್ಯಾಪ್ಲಿ ಬಂದು ಕೋಟು ಬಿಚ್ಚದೆ ನಿಂತರು. ಒಳಗೆ ಐದು ಡಿಗ್ರಿ.

"ಬಾಯ್ಲರ್ ಹಚ್ಚಬೇಕು, ಮಿಸ್ಟರ್ ಜಗ್."

"ಅನುಮತಿ ಬರಲು ಇನ್ನು ಐದೇ ತಿಂಗಳು, ಮೇಡಮ್."

"ಗೊತ್ತು. ಈ ವರ್ಷ ಅವರು ಚಳಿಯಲ್ಲಿ ಕೂತರೆ ಮುಂದಿನ ವರ್ಷ ಬರುವುದಿಲ್ಲ. ಯಾರೂ ಬಾರದ ಚರ್ಚಿನಲ್ಲಿ ಅವಳನ್ನು ಉಳಿಸಿಕೊಂಡು ನಾನೇನು ಮಾಡಲಿ?"

ಬಾಯ್ಲರ್ ಹಚ್ಚಲು ಬರುವುದು ಜಗದೇವಪ್ಪನವರೊಬ್ಬರಿಗೇ. ಹಳೆಯದು, ಅದರ ಮರ್ಜಿ ಬೇರೆಯವರಿಗೆ ತಿಳಿಯದು. ಕೆಟ್ಟಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಗಂಟೆಗೆ ಒಂದೊಂದೇ ಡಿಗ್ರಿ ಏರುವಂತೆ ಇಟ್ಟು, ಆ ದಿನವೂ ಮರುದಿನವೂ ಗೋಡೆಯ ಥರ್ಮಾಮೀಟರ್ ನೋಡುತ್ತ ಕೂತರು. ಹದಿನಾರು ಡಿಗ್ರಿಗೆ ನಿಲ್ಲಿಸಿದರು. ಪ್ರಾರ್ಥನೆ ಚೆನ್ನಾಗಿ ಆಯಿತು. ಜನ ಹಾಡಿದರು. ಅವಳಿಗೆ ಏನೂ ಆಗಲಿಲ್ಲ. ಅವರು ನನಗೆ ಫೋನ್ ಮಾಡಿ, "ನಿಂತಾಳ ಸರ," ಎಂದರು. ಅಷ್ಟು ಹಗುರಾದ ದನಿಯನ್ನು ನಾನು ಆ ವರ್ಷದಲ್ಲಿ ಕೇಳಿರಲಿಲ್ಲ.

ಒಂಬತ್ತು ದಿನದ ನಂತರ, ಜನವರಿಯ ಮೊದಲ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ ಅವರು ಉತ್ತರದ ಕಿಟಕಿಗಳ ಕೆಳಗೆ ಗುಡಿಸುತ್ತಿದ್ದಾಗ ಹಿಂದೆ ಸದ್ದಾಯಿತು. ದೊಡ್ಡ ಸದ್ದಲ್ಲ, ತಟ್ಟೆ ಕೈಜಾರಿದಂತೆ. ತಿರುಗಿ ನೋಡಿದಾಗ ನೆಲದ ಮೇಲೆ ಮೂರು ದೊಡ್ಡ ತುಂಡು, ಉಳಿದದ್ದು ಪುಡಿ. ಕೆನ್ನೆ ಇದ್ದ ತುಂಡು ಅಡ್ಡ ಸೀಳಿತ್ತು. ಮೇಲೆ ಕಂಬದ ನೆತ್ತಿಯಲ್ಲಿ ತಲೆಯ ಆಕಾರದ ಗುಂಡು ಉಳಿದಿತ್ತು, ಹಸಿರು ಬೂದು, ಎಣ್ಣೆ ತಾಗದ ಹೊಸ ಕಲ್ಲು. ಅದರ ಮೇಲೆ ಏನೂ ಇರಲಿಲ್ಲ.

ಮಾರ್ಚಿನಲ್ಲಿ ಓವೆನ್‌ನ ವರದಿ ಬಂತು. ಒಂದು ಪ್ರತಿಯನ್ನು ಜಗದೇವಪ್ಪ ಕೇಳಿ ಇಸಕೊಂಡು ಮನೆಗೆ ತಂದರು. ನಾನೂ ಅವತ್ತು ಅಲ್ಲಿದ್ದೆ. ಅಡುಗೆಮನೆಯ ಟೇಬಲ್ಲಿನಲ್ಲಿ ವೇದಾ ಓದಿ ಹೇಳಿದಳು. ಒಂಬತ್ತನೆಯ ಪುಟದಲ್ಲಿ ಕಾರಣ ಬರೆದಿತ್ತು: ಅಜ್ಞಾತ ವ್ಯಕ್ತಿಗಳು ಯಾವುದೋ ಕಾಲದಲ್ಲಿ ಹಚ್ಚಿದ ಎಣ್ಣೆಯ ಲೇಪ.

"ಅನ್‌ನೋನ್ ಪರ್ಸನ್ಸ್ ಅಂದ್ರ ಯಾರು?" ಎಂದರು ಜಗದೇವಪ್ಪ.

"ಇಟ್ ಮೀನ್ಸ್ ಯೂ, ಡ್ಯಾಡ್. ದೇ ಆರ್ ಬೀಯಿಂಗ್ ನೈಸ್."

"ಎಂಟು ಚಳಿಗಾಲ ಹಚ್ಚೀನಿ. ಯಾವ ಸೋಮವಾರ ತಪ್ಪೀನಿ ಅಂತ ಸೈತ ಹೇಳ್ತೀನಿ. ಅನ್‌ನೋನ್ ಹ್ಯಾಂಗ ಆಗ್ತದ?"

"ಸುಮ್ಮ ಕೂಡ್ರಿ," ಎಂದರು ವಿಶಾಲಾಕ್ಷಿ. "ಬಚಾವ್ ಆಗೀರಿ. ಅದರ ಮ್ಯಾಲ ಮತ್ತೇನ್ ಬೇಕು?"

ಮರುದಿನ ಅವರು ಮಿಸೆಸ್ ಟ್ಯಾಪ್ಲಿಯ ಬಳಿ ಹೋಗಿ, ಒಂಬತ್ತನೆಯ ಪುಟದಲ್ಲಿ ತಮ್ಮ ಹೆಸರು ಹಾಕಿಸಬೇಕು ಎಂದರು. ಆಕೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಹೆಸರು ಬಂದರೆ ನಿಮ್ಮನ್ನು ಕೆಲಸದಿಂದ ತೆಗೆಯಲೇಬೇಕಾಗುತ್ತದೆ. ನನಗೆ ಎಪ್ಪತ್ತೊಂಬತ್ತು. ನಾಳೆ ಈ ಬಾಗಿಲು ಯಾರು ತೆಗೆಯುತ್ತಾರೆ?" ಎಂದರು. ಆಮೇಲೆ ಮೆಲ್ಲಗೆ, "ಇಲ್ಲಿ ಕೆಲಸ ಮಾಡಿದ ಯಾರ ಹೆಸರೂ ಎಲ್ಲೂ ಇಲ್ಲ, ಮಿಸ್ಟರ್ ಜಗ್. ಅವಳನ್ನು ಕೆತ್ತಿದವನದೂ ಇಲ್ಲ."

"ಅವನು ಕೆತ್ತಿದವನು, ಮೇಡಮ್."

ಆಕೆ ಕನ್ನಡಕ ಹಾಕಿಕೊಂಡು, ಹೂದಾನಿಗಳ ನೀರು ಬದಲಿಸಿದ್ದೀರಾ ಎಂದು ಕೇಳಿದರು. ಇವರು ಬದಲಿಸಲು ಹೋದರು.

ವರದಿಯಲ್ಲಿ ಹೆಸರು ಬರಲಿಲ್ಲ. ಬಿಷಪ್ಪರ ಕಚೇರಿಯ ಅನುಮತಿ ಮೇ ತಿಂಗಳಲ್ಲಿ ಬಂತು, ಸರಿಯಾಗಿ ಹೇಳಿದ ಸಮಯಕ್ಕೆ. ಮರುವರ್ಷ ಮಿಸೆಸ್ ಟ್ಯಾಪ್ಲಿ ತೀರಿಕೊಂಡರು. ಭಾನುವಾರಕ್ಕೆ ಬರುವವರು ಐದು ಜನ ಆದರು. 2007ರ ಕೊನೆಗೆ ಚರ್ಚನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಕಟ್ಟಡವನ್ನು ಏನು ಮಾಡುತ್ತಾರೆಂದು ಯಾರಿಗೂ ತಿಳಿದಿರಲಿಲ್ಲ.

ಮುಚ್ಚುವ ಮುಂಚಿನ ಬೇಸಿಗೆಯಲ್ಲಿ ಒಮ್ಮೆ ನಾನು ನೋಡಲು ಹೋದೆ. ಹಳೆಯ ಚರ್ಚುಗಳನ್ನು ನೋಡುತ್ತ ತಿರುಗುವ ಗಂಡಹೆಂಡತಿ ಇಬ್ಬರು ಬಂದಿದ್ದರು, ಬೆನ್ನಿಗೆ ಚೀಲ, ಕೈಯಲ್ಲಿ ಮಾರ್ಗದರ್ಶಿ ಪುಸ್ತಕ. ಜಗದೇವಪ್ಪ ಅವರಿಗೆ ಕಿಟಕಿಗಳನ್ನು ತೋರಿಸಿದರು, ಸುಣ್ಣ ಕೆರೆದಲ್ಲಿ ಕಾಣುವ ಬಣ್ಣದ ಚೂರು ತೋರಿಸಿದರು, ಗೋಡೆ ಒಡೆದು ಕಮಾನು ನಿಲ್ಲಿಸಿದ ಬಗೆ ಹೇಳಿದರು. ಅವರ ಇಂಗ್ಲಿಷು ಸಣ್ಣ ಸಣ್ಣ ವಾಕ್ಯಗಳದು, ಆದರೆ ಒಂದು ಅಳತೆಯೂ ತಪ್ಪಿರಲಿಲ್ಲ. ರಾಜ, ಬಿಷಪ್ ಆದ ಮೇಲೆ ಹೆಂಡತಿ ಮೂರನೆಯ ಕಂಬದ ಕಡೆ ತಲೆ ಎತ್ತಿ, "ಇಲ್ಲೇನಿತ್ತು?" ಎಂದಳು.

"ಹಲ್ಲುನೋವಿನ ಒಬ್ಬ ಹೆಂಗಸಿನ ಮುಖ. ತುಂಬ ಚೆನ್ನಾಗಿತ್ತು. ಎಣ್ಣೆ ಹಚ್ಚಿ ನಾನು ಹಾಳುಮಾಡಿದೆ."

ಗಂಡ ನಕ್ಕ. ಅವಳೂ ನಕ್ಕು, ಇವರ ತೋಳು ಮುಟ್ಟಿ, "ಅಯ್ಯೋ ಪಾಪ, ನಿಮ್ಮ ಮೇಲೇಕೆ ಹಾಕಿಕೊಳ್ಳುತ್ತೀರಿ? ಇದು ನಮ್ಮ ಇಂಗ್ಲಿಷ್ ಹವೆಯ ಕೆಲಸ," ಎಂದಳು. ಅವರು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೊರಗೆ ಹೋದರು.

ಜಗದೇವಪ್ಪ ಬಾಗಿಲವರೆಗೆ ಹೋಗಿ ಅವರನ್ನು ಕಳಿಸಿ ಬಂದರು.

"ನಲವತ್ತೊಂದು ಮಂದಿಗಿ ಹೇಳೀನಿ ಸರ, ಇಲ್ಲೀತನಕ," ಎಂದರು. "ಒಬ್ಬರೂ ನಂಬಿಲ್ಲ."